ವೇಗಕ್ಕೆ ಕಡಿವಾಣ ತೊಡಿಸಿದ ಜಾರ್ಜ್ ವೆಸ್ಟಿಂಗ್‌ಹೌಸ್

ವೇಗವನ್ನು ಹೆಚ್ಚಿಸಿದವರನ್ನು ಲೋಕವು ಬಹುಬೇಗ ಕೊಂಡಾಡುತ್ತದೆ. ವೇಗವನ್ನು ತಡೆಯುವ ಉಪಾಯ ಕಂಡವರನ್ನು ಅಷ್ಟೇ ಬೇಗ ಮರೆಯುತ್ತದೆ. ಚನ್ನಪಟ್ಟಣದ ಮರದ ಆಟಿಕೆಯ ಬಂಡಿಯನ್ನು ನಿಲ್ಲಿಸಲು ಮಗುವಿನ ಒಂದು ಬೆರಳು ಸಾಕು. ಅದೇ ಊರಿನ ಹೆದ್ದಾರಿಯಲ್ಲಿ ಜನರನ್ನು ತುಂಬಿಕೊಂಡು ಧಾವಿಸುವ ಬಸ್ಸನ್ನು ನಿಲ್ಲಿಸಲು ಚಾಲಕನ ಕಾಲಿನ ಬಲವೊಂದೇ ಸಾಲದು. ಆ ಪಾದಕ್ಕೆ ಗಾಳಿಯ ಬಲವನ್ನು ಕೂಡಿಸಿಕೊಟ್ಟ ವಿದ್ಯೆಯ ಮೂಲಪುರುಷರು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಅವರು.

ವೆಸ್ಟಿಂಗ್‌ಹೌಸ್ ಅವರು ಜನಿಸಿದ್ದು 1846ನೆಯ ಇಸವಿ ಅಕ್ಟೋಬರ್ 6ರಂದು, ನ್ಯೂಯಾರ್ಕ್ ಪ್ರಾಂತದ ಸೆಂಟ್ರಲ್ ಬ್ರಿಡ್ಜ್ ಎಂಬ ಗ್ರಾಮದಲ್ಲಿ. ತಂದೆಯವರು ವ್ಯವಸಾಯದ ಯಂತ್ರೋಪಕರಣಗಳನ್ನು ತಯಾರಿಸುತ್ತಿದ್ದರು. ಆ ಕಾರ್ಯಾಗಾರವೇ ಬಾಲಕನಿಗೆ ಪಾಠಶಾಲೆಯಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದಲ್ಲಿಯೂ ನೌಕಾದಳದಲ್ಲಿಯೂ ಸೇವೆ ಸಲ್ಲಿಸಿ ಮರಳಿದ ತರುಣನು ಕಾಲೇಜನ್ನು ಸೇರಿ ಕೆಲವೇ ತಿಂಗಳಲ್ಲಿ ಬಿಟ್ಟನು. ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಒಂದು ಉಗಿಯಂತ್ರಕ್ಕೆ ಹಕ್ಕುಪತ್ರ ಪಡೆದನು.

1866ರಲ್ಲಿ ಪ್ರಯಾಣಕಾಲದಲ್ಲಿ ಎರಡು ಸರಕುರೈಲುಗಳು ಡಿಕ್ಕಿ ಹೊಡೆದುಕೊಂಡದ್ದನ್ನು ಅವರು ಕಂಡರು. ಹಳಿ ನೇರವಾಗಿತ್ತು, ಚಾಲಕರು ಒಬ್ಬರನ್ನೊಬ್ಬರು ನೋಡಿಯೂ ಇದ್ದರು, ಆದರೆ ನಿಲ್ಲಿಸುವ ಉಪಾಯವಿರಲಿಲ್ಲ. ಅಂದಿನ ರೈಲುಗಳಲ್ಲಿ ಇಂಜಿನಿನ ಸಿಳ್ಳು ಕೇಳಿದೊಡನೆ ಆಳುಗಳು ಗಾಡಿಯಿಂದ ಗಾಡಿಗೆ ಓಡಿ ಕೈಯಿಂದ ಬ್ರೇಕಿನ ಚಕ್ರ ತಿರುಗಿಸಬೇಕಾಗಿತ್ತು. ಮಳೆ ಹಿಮಗಳಲ್ಲಿ ಗಾಡಿಯ ಮೇಲಿಂದ ಜಾರಿ ಸತ್ತವರು ಅನೇಕರು.

ಆಲ್ಪ್ಸ್ ಪರ್ವತದ ಮಾಂಟ್ ಸೆನಿ ಸುರಂಗದಲ್ಲಿ ಒತ್ತಿ ತುಂಬಿದ ಗಾಳಿಯನ್ನು ಕೊಳವೆಗಳಲ್ಲಿ ಬಹುದೂರ ಒಯ್ದು ಬಂಡೆ ಕೊರೆಯುತ್ತಿದ್ದ ಸಂಗತಿಯನ್ನು ಅವರು ಪತ್ರಿಕೆಯೊಂದರಲ್ಲಿ ಓದಿದರು. ಬಂಡೆಯನ್ನು ಕೊರೆಯಬಲ್ಲ ಗಾಳಿ ಚಕ್ರವನ್ನು ಹಿಡಿಯಲಾರದೇ ಎಂಬ ಯೋಚನೆ ಹುಟ್ಟಿತು. 1869ರಲ್ಲಿ ಏರ್ ಬ್ರೇಕಿಗೆ ಹಕ್ಕುಪತ್ರ ದೊರೆಯಿತು. ಅದೇ ವರ್ಷ ಪಿಟ್ಸ್‌ಬರ್ಗಿನಲ್ಲಿ ಅದರ ತಯಾರಿಕೆಗಾಗಿ ಸಂಸ್ಥೆಯೊಂದು ಸ್ಥಾಪಿತವಾಯಿತು. ಆಗ ಅವರಿಗೆ ಇಪ್ಪತ್ತಮೂರೂ ತುಂಬಿರಲಿಲ್ಲ.

ಕೀರ್ತಿ ಬಂದಿತು, ಹಣವೂ ಬಂದಿತು. ಆದರೆ ಅವರ ನಿಜವಾದ ಹಿರಿಮೆ ಮುಂದಿನ ಹೆಜ್ಜೆಯಲ್ಲಿದೆ. ಮೊದಲ ಬ್ರೇಕಿನಲ್ಲಿ ಇಂಜಿನಿನಿಂದ ಗಾಳಿ ಹರಿದರೆ ಮಾತ್ರ ಚಕ್ರ ಹಿಡಿಯುತ್ತಿತ್ತು. ಕೊಳವೆ ಒಡೆದರೆ, ಗಾಡಿಗಳು ಕಳಚಿಕೊಂಡರೆ, ಬ್ರೇಕು ಇಲ್ಲವೇ ಇಲ್ಲ. ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಅದು ಕೈಬಿಡುತ್ತಿತ್ತು. ಮಾರಾಟವಾಗುತ್ತಿದ್ದ ಸ್ವಂತ ಸೃಷ್ಟಿಯ ಈ ಕುಂದನ್ನು ಅವರು ಮುಚ್ಚಿಡಲಿಲ್ಲ. 1872ರ ಹೊಸ ರಚನೆಯಲ್ಲಿ ಪ್ರತಿಯೊಂದು ಗಾಡಿಗೂ ಒಂದು ಗಾಳಿತೊಟ್ಟಿಯನ್ನೂ ಒಂದು ಕವಾಟವನ್ನೂ ಇರಿಸಿದರು. ಮುಖ್ಯ ಕೊಳವೆ ಸದಾ ತುಂಬಿರಬೇಕು. ಅದರ ಒತ್ತಡ ಇಳಿದೊಡನೆ ತೊಟ್ಟಿಯ ಗಾಳಿ ನುಗ್ಗಿ ಚಕ್ರವನ್ನು ಹಿಡಿಯಬೇಕು. ಹೀಗೆ ಕೊಳವೆ ಹರಿದರೆ ರೈಲು ತಾನಾಗಿ ನಿಲ್ಲುವಂತಾಯಿತು. 1886ರಲ್ಲಿ ಬರ್ಲಿಂಗ್ಟನ್ನಿನಲ್ಲಿ ಐವತ್ತು ಗಾಡಿಗಳ ಉದ್ದದ ರೈಲಿನಲ್ಲಿ ಹಿಂದಿನ ಗಾಡಿಗಳಿಗೆ ಬ್ರೇಕು ತಡವಾಗಿ ತಲಪಿತು. ಆಗಲೂ ಅವರು ವಾದಕ್ಕೆ ನಿಲ್ಲದೆ ಕವಾಟವನ್ನೇ ತಿದ್ದಿ ಮರುವರ್ಷ ಶೀಘ್ರಗತಿಯದನ್ನು ತಂದರು. 1893ರಲ್ಲಿ ಅಮೆರಿಕದ ಶಾಸನವು ರೈಲುಗಳಿಗೆ ಇಂಥ ಬ್ರೇಕನ್ನು ಕಡ್ಡಾಯಗೊಳಿಸಿತು.

ಪರ್ಯಾಯ ವಿದ್ಯುತ್ತಿನ ಪ್ರಚಾರಕ್ಕಾಗಿ ನಿಕೋಲಾ ಟೆಸ್ಲಾ ಅವರ ಹಕ್ಕುಗಳನ್ನು ಕೊಂಡು ದುಡಿದವರೂ ಇವರೇ. 1907ರ ಹಣಕಾಸಿನ ಮುಗ್ಗಟ್ಟಿನಲ್ಲಿ ತಮ್ಮ ವಿದ್ಯುತ್ ಸಂಸ್ಥೆಯ ಆಡಳಿತವನ್ನು ಕಳೆದುಕೊಂಡರು. 1914ರ ಮಾರ್ಚ್ 12ರಂದು ಕೀರ್ತಿಶೇಷರಾದರು.

ರೈಲಿಗಾಗಿ ಹುಟ್ಟಿದ ಈ ವಿದ್ಯೆ ಕಾಲಕ್ರಮದಲ್ಲಿ ಲಾರಿ ಬಸ್ಸುಗಳನ್ನೂ ಸೇರಿತು. ರಾಮನಗರದ ಹೆದ್ದಾರಿಯಲ್ಲಾಗಲಿ, ಕನಕಪುರ ಮಾಗಡಿಗಳ ಏರಿಳಿತದ ದಾರಿಯಲ್ಲಾಗಲಿ ಸಾಗುವ ದೊಡ್ಡ ಬಸ್ಸಿನಲ್ಲಿ ಇಂಜಿನಿನಿಂದ ನಡೆಯುವ ಕಂಪ್ರೆಸರು ತೊಟ್ಟಿಗೆ ಗಾಳಿ ತುಂಬುತ್ತದೆ. ಚಾಲಕನು ತುಳಿದೊಡನೆ ಆ ಗಾಳಿ ಚಕ್ರದ ಬಳಿಯ ದಂಡವನ್ನು ನೂಕಿ ಬ್ರೇಕನ್ನು ಡ್ರಮ್ಮಿಗೆ ಒತ್ತುತ್ತದೆ. ಹಳೆಯ ಕಾಲದ ಬಸ್ಸುಗಳಲ್ಲಿ ಎಲ್ಲ ಚಕ್ರಗಳಿಗೂ ಒಂದೇ ಗಾಳಿಮಾರ್ಗವಿದ್ದಲ್ಲಿ 1869ರ ಕುಂದೇ ಅಲ್ಲಿಯೂ ಅಡಗಿದೆ: ಒಂದು ಕೊಳವೆ ಒಡೆದರೆ ಸರ್ವಸ್ವವೂ ಹೋಯಿತು. ಅದಕ್ಕೆ ಪರಿಹಾರವೂ ವೆಸ್ಟಿಂಗ್‌ಹೌಸ್ ಅವರು ತೋರಿದ ದಾರಿಯದೇ. ಹಿಂದಕ್ಕೂ ಮುಂದಕ್ಕೂ ಬೇರೆ ಬೇರೆ ಗಾಳಿಮಾರ್ಗಗಳನ್ನು ಅಳವಡಿಸುವುದು ಒಂದು. ಗಾಳಿಯ ಬಲದಿಂದ ಅದುಮಿಟ್ಟ ಸ್ಪ್ರಿಂಗನ್ನು ಹಿಂಚಕ್ರಗಳಿಗೆ ಜೋಡಿಸುವುದು ಇನ್ನೊಂದು. ಗಾಳಿ ಬರಿದಾದರೆ ಸ್ಪ್ರಿಂಗು ಬಿಚ್ಚಿಕೊಂಡು ತಾನೇ ಚಕ್ರವನ್ನು ಹಿಡಿಯುತ್ತದೆ. ತೊಟ್ಟಿಯಲ್ಲಿ ನಿಂತ ನೀರನ್ನು ನಿತ್ಯವೂ ಹೊರಬಿಡುವುದು, ಸೋಪಿನ ನೀರು ಹಚ್ಚಿ ಸೋರುವ ಕೀಲನ್ನು ಕಂಡುಹಿಡಿಯುವುದು, ಒತ್ತಡದ ಮುಳ್ಳು ಮೇಲೇರುವವರೆಗೆ ಬಸ್ಸನ್ನು ಕದಲಿಸದಿರುವುದು, ಇವು ಅಲ್ಪವೆಂದು ತೋರಿದರೂ ಪ್ರಾಣರಕ್ಷಕವಾದ ನಿಯಮಗಳು.

ಹಳೆಯ ಬಸ್ಸಿಗೆ ಹೊಸ ಬಣ್ಣ ಬಳಿಸುವವರು ಬಹುಮಂದಿ. ಅದರ ಅಡಿಯಲ್ಲಿ ಮಲಗಿ ಕೊಳವೆ ಪರೀಕ್ಷಿಸುವವರು ವಿರಳ. ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ, ಬ್ರೇಕು ಬೀಳುವುದಿಲ್ಲ. ಶಾಲೆಗೆ ವಾಹನ ಕೊಡಿಸುವ ದಾನಿಗಳೂ ಅದನ್ನು ನಡೆಸುವ ಆಡಳಿತದವರೂ ಈ ಕಾಣದ ಭಾಗಕ್ಕೆ ಮೊದಲು ವೆಚ್ಚ ಮಾಡಬೇಕು. ಗೆದ್ದ ಯಂತ್ರವನ್ನೂ ಮತ್ತೆ ಬಿಚ್ಚಿ ತಿದ್ದಿದ ಆ ಮಹನೀಯರಿಗೆ ಇದಕ್ಕಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.