ಕಣ್ಣು ಕೊಟ್ಟ ಅಣ್ಣ

ಘಟ್ಟದ ಮೇಲಣ ಯಲ್ಲಾಪುರ ಸೀಮೆಯಲ್ಲಿ ನಂದೊಳ್ಳಿಯಂತಹ ಊರುಗಳಿವೆ. ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುವುದಿಲ್ಲ. ತೋಟದ ತಲೆಯಲ್ಲೊಂದು, ಗುಡ್ಡದ ಓರೆಯಲ್ಲೊಂದು ಹೀಗೆ ಚದುರಿಕೊಂಡಿರುತ್ತವೆ. ಇಂತಹ ಊರುಗಳಲ್ಲಿ ಬದುಕು ನಡೆಯುವುದೇ ಕಣ್ಣಿನ ಆಸರೆಯಿಂದ. ಅಡಿಕೆಮರದ ನೆತ್ತಿಗೇರಿದ ಕೊನೆಗೌಡನು ಬಲಿತ ಕೊನೆ ಯಾವುದು, ಎಳೆಯದು ಯಾವುದು ಎಂಬುದನ್ನು ನೋಟದಿಂದಲೇ ತಿಳಿಯಬೇಕು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಬೆರಳಿಗೂ ಅಲಗಿಗೂ ಇರುವ ಅಂತರ ಅತ್ಯಲ್ಪ. ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳವನ್ನು ದಾಟಲು ಇರುವುದು ಒಂದು ಸಂಕ. ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಹಿರಿಯನಿಗಂತೂ ಕಣ್ಣೇ ಗುರಿ, ಗುರಿಯೇ ಕಣ್ಣು.

ಗುರಿಯಿಡುವುದು ಮೇಲುನೋಟಕ್ಕೆ ಕೈಯ ಕೆಲಸವೆಂದು ತೋರುತ್ತದೆ. ವಾಸ್ತವವಾಗಿ ಅದು ಕಣ್ಣಿನ ಕಠಿನವಾದ ಪರೀಕ್ಷೆ. ಕೋವಿಯ ಹಿಂಬದಿಯ ಕಂಡಿ, ನಳಿಗೆಯ ತುದಿಯ ಪುಟ್ಟ ಮೊನೆ, ದೂರದ ಗುರಿ ಇವು ಮೂರೂ ಒಂದೇ ರೇಖೆಯಲ್ಲಿ ಕೂಡಬೇಕು. ಆದರೆ ಮೂರೂ ಮೂರು ದೂರಗಳಲ್ಲಿರುತ್ತವೆ. ಕಣ್ಣು ಒಂದು ಕಾಲಕ್ಕೆ ಒಂದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಎಳೆಯ ಕಣ್ಣಿನೊಳಗಿನ ಮಸೂರವು ಮೃದುವಾಗಿರುವುದರಿಂದ ಕ್ಷಣಮಾತ್ರದಲ್ಲಿ ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುತ್ತದೆ. ವಯಸ್ಸು ನಲವತ್ತನ್ನು ದಾಟುತ್ತಲೇ ಮಸೂರ ಗಡುಸಾಗಿ ಈ ಚುರುಕು ಕಡಮೆಯಾಗುತ್ತದೆ. ಜನ ಇದನ್ನೇ ಚಾಳೀಸು ಎನ್ನುತ್ತಾರೆ. ಆಗ ಮೊನೆ ಮಸುಕಾಗಿ ಗುರಿ ಕೈತಪ್ಪುತ್ತದೆ. ಆದರೂ ಮುಪ್ಪು ಬಂದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಸ್ವೀಡನ್ ದೇಶದ ಆಸ್ಕರ್ ಸ್ವಾನ್ ಎಂಬವರು 1920ರ ಆಂಟ್‌ವರ್ಪ್ ಒಲಿಂಪಿಕ್ ಕ್ರೀಡೆಗಳಲ್ಲಿ, ಓಡುವ ಜಿಂಕೆಯ ಆಕೃತಿಗೆ ಗುಂಡು ಹೊಡೆಯುವ ತಂಡಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದಾಗ ಅವರಿಗೆ 72 ವರ್ಷ ವಯಸ್ಸು. ಕಣ್ಣು ತಿಳಿಯಾಗಿದ್ದರೆ ಕೈಗೆ ಮುಪ್ಪಿಲ್ಲ.

ಆದರೆ ಚಾಳೀಸಿಗಿಂತ ಕ್ರೂರವಾದ ಇನ್ನೊಂದು ತೊಂದರೆಯಿದೆ. ಅದೇ ಕಣ್ಣಿನ ಪೊರೆ. ಹೆಸರು ಪೊರೆಯೆಂದಿದ್ದರೂ ಅದು ಕಣ್ಣಿನ ಮೇಲೆ ಹೊರಗಿನಿಂದ ಬೆಳೆದುಬರುವ ತೆರೆಯಲ್ಲ. ಗಾಜಿನಂತೆ ತಿಳಿಯಾಗಿದ್ದ ಒಳಮಸೂರವೇ ವಯಸ್ಸಾದಂತೆ ಮೆಲ್ಲಮೆಲ್ಲನೆ ಮಂಜಾಗುತ್ತದೆ. ಮೊದಲು ದೀಪದ ಸುತ್ತ ಪ್ರಭೆ ಕಾಣುತ್ತದೆ. ಬಳಿಕ ಬಣ್ಣಗಳು ಮಾಸುತ್ತವೆ. ಕೊನೆಗೆ ಹಗಲು ಯಾವುದು, ಇರುಳು ಯಾವುದು ಎಂಬುದಷ್ಟೇ ತಿಳಿಯುತ್ತದೆ. ಇದಕ್ಕೆ ಔಷಧವಿಲ್ಲ. ಮಂಜಾದ ಮಸೂರವನ್ನು ಶಸ್ತ್ರದಿಂದ ತೆಗೆಯುವುದೊಂದೇ ದಾರಿ. ನಮ್ಮ ದೇಶದ ಸುಶ್ರುತಸಂಹಿತೆಯಲ್ಲಿಯೇ ಈ ರೋಗದ ಶಸ್ತ್ರಚಿಕಿತ್ಸೆಯ ವಿವರವಿದೆ. ಆದರೂ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಹಳ್ಳಿಯ ಬಡವರಿಗೆ ಶಸ್ತ್ರವೈದ್ಯರು ದೊರೆಯುತ್ತಿರಲಿಲ್ಲ. ಪಟ್ಟಣದ ಆಸ್ಪತ್ರೆ ದೂರ. ಕರೆದೊಯ್ಯುವವರಿಗೆ ಕೂಲಿ ನಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣಿಗೆ ಕತ್ತಿ ತಗಲಿದರೆ ಇರುವುದೂ ಹೋದೀತೆಂಬ ಭಯ. ಹೀಗಾಗಿ ನೂರಾರು ಹಳ್ಳಿಗಳಲ್ಲಿ ಮುದುಕರು ಜಗಲಿಯ ಮೂಲೆಯಲ್ಲಿ ಕುಳಿತು, ಹಣೆಬರಹವೆಂದು ತಿಳಿದು, ಗುಣವಾಗಬಹುದಾದ ಕುರುಡಿನಲ್ಲಿಯೇ ಬಾಳು ಸವೆಸುತ್ತಿದ್ದರು.

ಈ ಹಣೆಬರಹವನ್ನು ಒಪ್ಪದೆ ಅದನ್ನು ಅಳಿಸಹೊರಟವರು ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ. ಅವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬೀಳಗಿಯಲ್ಲಿ ಜನಿಸಿದರು. ಅಂದು ಬೀಳಗಿ ಮುಂಬಯಿ ಪ್ರಾಂತಕ್ಕೆ ಸೇರಿದ ವಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಜಿಲ್ಲೆಯು ವಿಭಾಗವಾದ ಮೇಲೆ ಬಾಗಲಕೋಟೆ ಜಿಲ್ಲೆಗೆ ಸೇರಿತು. ಬಿಸಿಲು, ಧೂಳು, ಬರಗಾಲ ಇವು ಆ ಸೀಮೆಯ ನಿತ್ಯದ ಸಂಗಾತಿಗಳು. ಅಂಥ ಬಯಲುನಾಡಿನಿಂದ ಬಂದ ತರುಣನು ವೈದ್ಯವಿದ್ಯೆಯನ್ನು ಕಲಿತು, ಮುಂಬಯಿಯಲ್ಲಿ ನೇತ್ರಚಿಕಿತ್ಸೆಯಲ್ಲಿ ಪರಿಣತಿಯನ್ನು ಗಳಿಸಿದನು. ಆ ಮಹಾನಗರದಲ್ಲಿಯೇ ನೆಲೆನಿಂತಿದ್ದರೆ ಹಣಕ್ಕೂ ಹೆಸರಿಗೂ ಕೊರತೆಯಾಗುತ್ತಿರಲಿಲ್ಲ.

ಆದರೆ ಕಾಲ ಬೇರೆಯಾಗಿತ್ತು. 1942ರ ಆಗಸ್ಟ್ ತಿಂಗಳಿನಲ್ಲಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಿಂದ ಗಾಂಧೀಜಿಯವರು ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂದು ಘೋಷಿಸಿದರು. ಆ ಕರೆಗೆ ಓಗೊಟ್ಟವರಲ್ಲಿ ಸೆರೆಮನೆಗೆ ಹೋದವರು ಅನೇಕರು. ತರುಣ ವೈದ್ಯರಾದ ಮೋದಿಯವರ ಮನಸ್ಸನ್ನೂ ಅದು ಕಲಕಿತು. ಅವರು ದೇಶಸೇವೆಗೆ ತಮ್ಮ ಕೈಗೆ ತಿಳಿದ ದಾರಿಯನ್ನೇ ಆರಿಸಿಕೊಂಡರು. ರೋಗಿ ವೈದ್ಯನನ್ನು ಹುಡುಕಿಕೊಂಡು ಬರಲಾರದಿದ್ದರೆ ವೈದ್ಯನೇ ರೋಗಿಯಿದ್ದಲ್ಲಿಗೆ ಹೋಗಬೇಕು ಎಂಬುದು ಅವರ ನಡೆಯಿಂದ ಹೊರಟ ನಿಲುವು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಅವರ ಮೊದಲ ಉಚಿತ ನೇತ್ರಶಿಬಿರ ನಡೆಯಿತು. ಅಲ್ಲಿಂದ ಆರಂಭವಾದ ಯಾತ್ರೆ ಅರ್ಧ ಶತಮಾನದವರೆಗೂ ಮುಂದುವರಿಯಿತು.

ಶಿಬಿರವೆಂದರೆ ಊರಿಗೆ ಊರೇ ಕೈಜೋಡಿಸುವ ಕೆಲಸ. ಮೊದಲೇ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಹೋಗಬೇಕು. ಶಾಲೆಯೋ ಛತ್ರವೋ ಆಸ್ಪತ್ರೆಯಾಗಿ ಮಾರ್ಪಡಬೇಕು. ಬಂದವರಿಗೆ ಅನ್ನ, ಹಾಸಿಗೆ, ಆರೈಕೆ ಒದಗಬೇಕು. ಹಗ್ಗ ಹಿಡಿದುಕೊಂಡೋ, ಮೊಮ್ಮಕ್ಕಳ ಹೆಗಲ ಮೇಲೆ ಕೈಯಿಟ್ಟುಕೊಂಡೋ, ಚಕ್ಕಡಿಯಲ್ಲಿ ಕುಳಿತೋ ಬಂದ ನೂರಾರು ಜನರನ್ನು ಮೊದಲು ಪರೀಕ್ಷಿಸಿ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಬೇರೆ ಮಾಡಬೇಕು. ಅನಂತರ ಸಾಲಾಗಿ ಹಾಕಿದ ಮೇಜುಗಳ ಮೇಲೆ ರೋಗಿಗಳನ್ನು ಮಲಗಿಸಿ, ಕಣ್ಣನ್ನು ಶುದ್ಧಗೊಳಿಸಿ, ಮರಗಟ್ಟಿಸುವ ಮದ್ದು ಕೊಟ್ಟು ಸಿದ್ಧಪಡಿಸುವುದು ಸಹಾಯಕರ ಪಾಲು. ಮೋದಿಯವರು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಸಾಗುತ್ತ ಶಸ್ತ್ರದ ಕೆಲಸವನ್ನು ಮುಗಿಸುತ್ತಿದ್ದರು. ಅವರು ಮುಂದೆ ಹೋಗುತ್ತಲೇ ಹಿಂದೆ ಪಟ್ಟಿ ಕಟ್ಟುವವರು ಬರುತ್ತಿದ್ದರು. ಒಬ್ಬ ವೈದ್ಯನ ಒಂದು ನಿಮಿಷವೂ ವ್ಯರ್ಥವಾಗದಂತೆ ಇಡೀ ಏರ್ಪಾಡು ರೂಪುಗೊಂಡಿತ್ತು.

ಇಲ್ಲಿಯೂ ಗುರಿಯೇ ಮುಖ್ಯ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಅಗಲ ಸುಮಾರು 12 ಮಿಲಿಮೀಟರು. ಅದರ ಅಂಚಿನಲ್ಲಿ ಕೊಯ್ದು, ಹಿಂದೆ ಅಡಗಿರುವ ಮಸೂರವನ್ನು ಹೊರತೆಗೆಯಬೇಕು. ಶಸ್ತ್ರ ಕೂದಲೆಳೆಯಷ್ಟು ಆಳಕ್ಕೆ ಇಳಿದರೂ ಕಣ್ಣು ಕೆಡಬಹುದು. ಬಂದೂಕುಗಾರ ಗುರಿ ತಪ್ಪಿದರೆ ಒಂದು ಗುಂಡು ನಷ್ಟ. ಇಲ್ಲಿ ತಪ್ಪಿದರೆ ಒಬ್ಬ ಮನುಷ್ಯನ ಬೆಳಕೇ ನಷ್ಟ.

ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಮೋದಿಯವರ ಸೇವೆಯ ಲೆಕ್ಕವು ದಾಖಲಾಗಿದೆ. 1993ರ ಫೆಬ್ರವರಿಯವರೆಗೆ ಅವರು 46,120 ಹಳ್ಳಿಗಳನ್ನು ತಲುಪಿ, 1,21,18,630 ರೋಗಿಗಳನ್ನು ನೋಡಿ, 6,10,564 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದರು. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದುದೂ ಅಲ್ಲಿ ಸೇರಿದೆ. ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಐವತ್ತು ವರ್ಷಗಳ ಎಲ್ಲ ದಿನಗಳಿಗೂ ಹಂಚಿದರೆ, ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ 33 ಶಸ್ತ್ರಚಿಕಿತ್ಸೆಗಳಾಗುತ್ತವೆ. ಪರೀಕ್ಷೆಗೆ ಬಂದ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಿದೆಯೆಂದೂ, ಉಳಿದ ಹತ್ತೊಂಬತ್ತು ಜನರ ಕಣ್ಣನ್ನೂ ಅವರು ನೋಡಿದ್ದಾರೆಂದೂ ತಿಳಿಯುತ್ತದೆ.

ಇಷ್ಟು ವೇಗ ಸರಿಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 833 ರೋಗಿಗಳಿಗೆ ಇಡೀ ಇಪ್ಪತ್ತನಾಲ್ಕು ಗಂಟೆಗಳನ್ನು ಹಂಚಿದರೂ ಒಬ್ಬೊಬ್ಬರಿಗೆ ಎರಡು ನಿಮಿಷ ದೊರೆಯುವುದಿಲ್ಲ. ಶಿಬಿರ ಎತ್ತಿದ ಮೇಲೆ ನಂಜು ಕಾಣಿಸಿಕೊಂಡರೆ ನೋಡುವವರಾರು? ಈ ಪ್ರಶ್ನೆಯನ್ನು ವೈದ್ಯಲೋಕವು ಬಹುಕಾಲ ಚರ್ಚಿಸಿತು. ತಾತ್ಕಾಲಿಕ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದಕ್ಕಿಂತ, ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ ಆಸ್ಪತ್ರೆಗೆ ಕರೆತಂದು ಚಿಕಿತ್ಸೆ ನೀಡುವುದು ಲೇಸೆಂಬ ತೀರ್ಮಾನಕ್ಕೆ ಅದು ಕ್ರಮೇಣ ಬಂದಿತು. ಆ ತೀರ್ಮಾನ ಸರಿಯಾದುದೇ. ಆದರೆ ಮೋದಿಯವರು ಕೆಲಸ ಆರಂಭಿಸಿದ ಕಾಲದಲ್ಲಿ ಹಳ್ಳಿಗನ ಮುಂದೆ ಇದ್ದುದು ಶಿಬಿರವೋ ಆಸ್ಪತ್ರೆಯೋ ಎಂಬ ಆಯ್ಕೆಯಲ್ಲ. ಶಿಬಿರವೋ ಕತ್ತಲೆಯೋ ಎಂಬ ಆಯ್ಕೆ. ಸಾಲಿನಲ್ಲಿ ಕಾದು ನಿಂತವರಲ್ಲಿ ಅರ್ಧದಷ್ಟು ಜನರನ್ನು ಹಿಂದಕ್ಕೆ ಕಳುಹಿಸಿದ್ದರೆ ಅವರು ಹೋಗಲು ಬೇರೆ ಬಾಗಿಲಿರಲಿಲ್ಲ. ಈ ಮಾತನ್ನು ಮರೆತು ಆ ವೇಗವನ್ನು ಅಳೆಯಲಾಗದು.

ಅಂದಿನ ಚಿಕಿತ್ಸೆಯ ಮಿತಿಯೂ ದೊಡ್ಡದಿತ್ತು. ತೆಗೆದ ಮಸೂರದ ಸ್ಥಾನದಲ್ಲಿ ಬೇರೇನನ್ನೂ ಇಡುತ್ತಿರಲಿಲ್ಲ. ರೋಗಿಯು ಕೆಲವು ದಿನ ಅಲುಗಾಡದೆ ಮಲಗಿದ್ದು, ಗಾಯ ಮಾಗಿದ ಮೇಲೆ ದಪ್ಪ ಗಾಜಿನ ಕನ್ನಡಕ ಧರಿಸಬೇಕಾಗಿತ್ತು. ಅದರ ಮೂಲಕ ವಸ್ತುಗಳು ಇದ್ದುದಕ್ಕಿಂತ ಸುಮಾರು ಕಾಲುಭಾಗ ದೊಡ್ಡದಾಗಿ ಕಾಣುತ್ತಿದ್ದವು. ಪಕ್ಕದ ನೋಟ ಕುಗ್ಗುತ್ತಿತ್ತು. ಮೆಟ್ಟಿಲು ಹತ್ತಿರವಿದ್ದಂತೆ ತೋರಿ ಹೆಜ್ಜೆ ತಪ್ಪುತ್ತಿತ್ತು. ಕನ್ನಡಕ ಒಡೆದರೆ ಲೋಕ ಮತ್ತೆ ಮಸುಕು. ಆದರೂ ಮೊಮ್ಮಗುವಿನ ಮುಖ ಕಂಡಿತು, ತಟ್ಟೆಯ ಅನ್ನ ಕಂಡಿತು, ಯಾರ ಕೈಯನ್ನೂ ಹಿಡಿಯದೆ ಅಂಗಳ ದಾಟಬಹುದಾಯಿತು. ಇಷ್ಟನ್ನು ಮರಳಿ ಪಡೆದವರು ಅವರನ್ನು ಕಣ್ಣು ಕೊಟ್ಟ ಅಣ್ಣನೆಂದು ಕರೆದುದರಲ್ಲಿ ಆಶ್ಚರ್ಯವಿಲ್ಲ. ಭಾರತ ಸರ್ಕಾರವು 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿ ಅವರನ್ನು ಗೌರವಿಸಿತು. ದೇಶದ ಪ್ರಶಸ್ತಿಗಳಿಗಿಂತ ಜನರು ಕೊಟ್ಟ ಆ ಹೆಸರು ಹೆಚ್ಚು ಆಪ್ತವಾದುದು. ಅದರಲ್ಲಿ ವೈದ್ಯನೆಂಬ ದೂರವಿಲ್ಲ, ಒಡಹುಟ್ಟಿದವನೆಂಬ ಸಲಿಗೆಯಿದೆ.

ಮೋದಿಯವರ ಬಾಳಿನ ಅವಧಿಯಲ್ಲಿಯೇ ನೇತ್ರಚಿಕಿತ್ಸೆಯ ರೂಪ ಬದಲಾಯಿತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ತೆಗೆದ ಮಸೂರದ ಜಾಗದಲ್ಲಿ ಕೃತಕ ಮಸೂರವನ್ನಿರಿಸಿದರು. ಯುದ್ಧವಿಮಾನದ ಚಾಲಕರ ಕಣ್ಣಿಗೆ ಸಿಡಿದ ಅಕ್ರಿಲಿಕ್ ಚೂರುಗಳು ಕಣ್ಣಿನೊಳಗೆ ಕೆರಳಿಕೆಯಿಲ್ಲದೆ ಉಳಿದುದನ್ನು ಕಂಡು ಅವರಿಗೆ ಈ ವಿಚಾರ ಹೊಳೆಯಿತು. ಭಾರತದಲ್ಲಿ 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ಡಾ. ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಅದರ ಅಂಗಸಂಸ್ಥೆಯು 1992ರಿಂದ ಕೃತಕ ಮಸೂರಗಳನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ಅವು ಬಡವರ ಕೈಗೂ ಎಟುಕಿದವು. ಈಗ ಕೊಯ್ತವು ಮೂರು ಮಿಲಿಮೀಟರಿಗೂ ಕಡಮೆಯಿರಬಹುದು. ರೋಗಿ ಅಂದೇ ಮನೆಗೆ ಮರಳಬಹುದು. ಗುರಿಕಾರನೊಬ್ಬನು ಈ ಚಿಕಿತ್ಸೆ ಪಡೆದರೆ ದೂರದ ಗುರಿ ಮತ್ತೆ ತಿಳಿಯಾಗಿ ಕಾಣುತ್ತದೆ. ಸಾಮಾನ್ಯ ಕೃತಕ ಮಸೂರ ಒಂದೇ ದೂರಕ್ಕೆ ಹೊಂದಿರುವುದರಿಂದ, ಹತ್ತಿರದ ಮೊನೆಯನ್ನು ಕಾಣಲು ಮಾತ್ರ ಅವನು ಕನ್ನಡಕದ ನೆರವನ್ನೋ ಸಣ್ಣ ರಂಧ್ರದ ನೆರವನ್ನೋ ಪಡೆಯಬೇಕಾಗುತ್ತದೆ.

ಬೆಂಗಳೂರಿನಲ್ಲಿ ಮೋದಿಯವರು ನೇತ್ರಾಲಯವನ್ನು ಸ್ಥಾಪಿಸಿದರು. ಆ ಆಸ್ಪತ್ರೆಯಿರುವ ಬಡಾವಣೆಯಲ್ಲಿ ಅವರ ಹೆಸರು ದಾರಿಹೋಕರ ಮಾತಿನಲ್ಲಿಯೇ ಬೆರೆತುಹೋಗಿದೆ; ಬಸ್ಸು ಹತ್ತಿದವರು ಮೋದಿ ಆಸ್ಪತ್ರೆಯೆಂದು ಹೇಳಿ ಚೀಟಿ ಪಡೆಯುತ್ತಾರೆ. 2005ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಅವರು ತೊಂಬತ್ತರ ಸಮೀಪದ ತುಂಬು ಬಾಳನ್ನು ಬಾಳಿದ್ದರು.

ಒಬ್ಬ ಮನುಷ್ಯನ ಆಯುಷ್ಯ ಎಷ್ಟೇ ದೀರ್ಘವಾದರೂ ದೇಶದ ಎಲ್ಲ ಪೊರೆಯನ್ನು ಅವನೊಬ್ಬನೇ ತೆಗೆಯಲಾರನು. ಮುಪ್ಪು ಪ್ರತಿ ತಲೆಮಾರಿಗೂ ಬರುತ್ತದೆ. ಪೊರೆಯೂ ಅದರೊಡನೆ ಬರುತ್ತದೆ. ಮೋದಿಯವರು ಬಿಟ್ಟುಹೋದ ದೊಡ್ಡ ಪಾಠವು ಶಸ್ತ್ರದ ಕೌಶಲಕ್ಕೆ ಮಾತ್ರ ಸೇರಿದುದಲ್ಲ. ಮುದುಕರ ಕುರುಡು ವಿಧಿಯ ಬರಹವಲ್ಲ, ಸಮಾಜದ ಅಲಕ್ಷ್ಯ ಎಂಬುದನ್ನು ಅವರು ಹಳ್ಳಿ ಹಳ್ಳಿಗಳಲ್ಲಿ ಮಾಡಿ ತೋರಿಸಿದರು. ಮನೆಯ ಹಿರಿಯರು ದೀಪ ಮಂಕಾಯಿತೆಂದರೆ ಬತ್ತಿಯನ್ನು ಏರಿಸುವುದರ ಜೊತೆಗೆ ಅವರ ಕಣ್ಣನ್ನೂ ಒಮ್ಮೆ ನೋಡಬೇಕು. ಸಂಕದ ಈಚೆ ದಡದಲ್ಲಿ ಅವರು ಅಳುಕಿ ನಿಂತರೆ ಕಾರಣವನ್ನು ವಿಚಾರಿಸಬೇಕು. ಅವರ ಕೈಹಿಡಿದು ಆಸ್ಪತ್ರೆಯವರೆಗೆ ನಡೆಯಲು ವೈದ್ಯನೇ ಆಗಿರಬೇಕಾದುದಿಲ್ಲ. ಆ ಮನೆಯ ಎಳೆಯರೇ ಸಾಕು.