ಮಣ್ಣನ್ನು ನಂಬಿದ ವಾಸ್ತುಶಿಲ್ಪಿ

ಜಲಾಶಯವೊಂದರ ಪುನರ್ವಸತಿ ಕಾರ್ಯದಲ್ಲಿದ್ದಾಗ ನನ್ನನ್ನು ಕಾಡಿದ ಪ್ರಶ್ನೆಯೊಂದಿದೆ. ಸರ್ಕಾರ ಕಟ್ಟಿಕೊಟ್ಟ ಕಾಂಕ್ರೀಟ್ ಮನೆಗೆ ಬೀಗ ಹಾಕಿ, ಮುಳುಗಲಿರುವ ಊರಿನ ಮಾಳಿಗೆ ಮನೆಯಲ್ಲೇ ಜನ ಏಕೆ ಉಳಿಯುತ್ತಾರೆ? ಅದನ್ನು ಹಠವೆಂದು ಕಡತದಲ್ಲಿ ಬರೆದವರಲ್ಲಿ ನಾನೂ ಒಬ್ಬ. ಆ ಷರಾ ಎಷ್ಟು ಅವಸರದ್ದೆಂಬುದು ಅರಿವಾದದ್ದು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿಯವರ ಬದುಕನ್ನು ಓದಿದಾಗ.

1900ರಲ್ಲಿ ಅಲೆಕ್ಸಾಂಡ್ರಿಯದ ಸಿರಿವಂತ ಭೂಮಾಲೀಕರ ಮನೆಯಲ್ಲಿ ಜನಿಸಿದ ಫತಿ, 27 ವರ್ಷ ತುಂಬುವವರೆಗೆ ಸ್ವಂತ ಜಮೀನಿಗೆ ಕಾಲಿಟ್ಟವರಲ್ಲ. ಮೊದಲ ಬಾರಿಗೆ ಹೋದಾಗ ಅಲ್ಲಿನ ರೈತರ ಗುಡಿಸಲುಗಳ ದುಃಸ್ಥಿತಿ ಕಂಡು ನಾಚಿದರು. ಸಿಮೆಂಟು, ಕಬ್ಬಿಣ ಕೊಳ್ಳಲು ರೈತನ ಬಳಿ ನಗದಿಲ್ಲ. ಆದರೆ ಕಾಲಡಿಯಲ್ಲಿ ಮಣ್ಣಿದೆ, ದುಡಿಯುವ ಕೈಗಳಿವೆ. ಕೊಳ್ಳಬೇಕಾದದ್ದು ಕಡಿಮೆಯಾದಷ್ಟೂ ಮನೆ ಬಡವನಿಗೆ ಎಟಕುತ್ತದೆ ಎಂಬುದೇ ಅವರ ಅರ್ಥಶಾಸ್ತ್ರವಾಯಿತು.

ಗೋಡೆಗೆ ಹಸಿ ಇಟ್ಟಿಗೆ ಸಾಕು, ಚಾವಣಿಗೆ ಮರವೆಲ್ಲಿ? ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅದು ಸಿಗುತ್ತಲೇ ಇರಲಿಲ್ಲ. ಇಟ್ಟಿಗೆಯ ಕಮಾನು ಚಾವಣಿ ಕಟ್ಟುವ ಅವರ ಮೊದಲ ಯತ್ನಗಳು ಕುಸಿದುಬಿದ್ದವು. 1941ರಲ್ಲಿ ಅಸ್ವಾನ್ ಬಳಿಯ ನ್ಯೂಬಿಯನ್ ಹಳ್ಳಿಗಳಿಗೆ ಹೋದಾಗ, ಅಲ್ಲಿನ ಗಾರೆಯವರು ಮರದ ಆಸರೆಯಿಲ್ಲದೆಯೇ ಅಂಥ ಚಾವಣಿ ಕಟ್ಟುತ್ತಿದ್ದುದು ಕಂಡಿತು. ಹಿಂಬದಿಯ ಗೋಡೆಗೆ ಒರಗಿಸಿದಂತೆ ಒಂದೊಂದು ವರಸೆಯನ್ನೂ ಓರೆಯಾಗಿ ಜೋಡಿಸಿದರೆ ಇಟ್ಟಿಗೆ ಜಾರುವುದಿಲ್ಲ. ಪದವಿ ಪಡೆದ ವಾಸ್ತುಶಿಲ್ಪಿ ಈ ಗಾರೆಯವರನ್ನು ತನ್ನ ಗುರುಗಳೆಂದು ಒಪ್ಪಿಕೊಂಡರು.

1945ರಲ್ಲಿ ಸರ್ಕಾರ ಅವರಿಗೆ ದೊಡ್ಡ ಹೊಣೆ ವಹಿಸಿತು. ಲಕ್ಸರ್ ಎದುರಿನ ಗೂರ್ನಾದಲ್ಲಿ ಪ್ರಾಚೀನ ಗೋರಿಗಳ ಮೇಲೆಯೇ ಸುಮಾರು 7,000 ಜನ ನೆಲೆಸಿದ್ದರು. ಗೋರಿಗಳಲ್ಲಿನ ಕಳವು ತಡೆಯಲು ಅವರಿಗೆಲ್ಲ ಹೊಸ ಊರು ಕಟ್ಟಬೇಕಿತ್ತು. ಫತಿ ಒಂದೇ ಅಚ್ಚಿನ ಮನೆಗಳನ್ನು ಒಪ್ಪಲಿಲ್ಲ; ಕುಟುಂಬದ ಅಗತ್ಯ ನೋಡಿ ಅಂಗಳ, ದನದ ಕೊಟ್ಟಿಗೆ ರೂಪಿಸಿದರು. ಮಸೀದಿ, ಮಾರುಕಟ್ಟೆ, ರಂಗಮಂದಿರಗಳೂ ಎದ್ದವು.

ಊರು ಪೂರ್ಣಗೊಳ್ಳಲಿಲ್ಲ. ಗೋರಿಗಳನ್ನೇ ಜೀವನಾಧಾರ ಮಾಡಿಕೊಂಡಿದ್ದ ಹಲವರು ಬರಲೊಪ್ಪಲಿಲ್ಲ. ಒಡ್ಡನ್ನು ಒಡೆದು ಹೊಸ ಊರಿಗೆ ನೀರು ನುಗ್ಗಿಸಿದರು. ಕಚೇರಿಗಳ ಅಸಡ್ಡೆಯೂ ಸೇರಿ 1948ರಲ್ಲಿ ಕೆಲಸ ನಿಂತಿತು. ಮನೆ ಹೇಗಿರಬೇಕೆಂದು ಜನರ ಅಗತ್ಯ ಅರಿಯಲು ಫತಿ ಶ್ರಮಿಸಿದ್ದರು. ಊರು ಬಿಡಬೇಕೇ ಎಂದು ಮಾತ್ರ ಜನರನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಅವರ ವಿದ್ಯೆ ಸುಳ್ಳಾಗಲಿಲ್ಲ. 1964ರ ಮಾರ್ಚ್‌ನಲ್ಲಿ ಕೈರೋದಲ್ಲಿ ಎರಡು ಮಾದರಿ ಕಟ್ಟಡಗಳ ಒಳಗಿನ ತಾಪಮಾನ ಅಳೆಯಲಾಯಿತು. ಮಣ್ಣಿನ ಇಟ್ಟಿಗೆಯದರಲ್ಲಿ ಹಗಲಿರುಳೂ 21ರಿಂದ 23 ಡಿಗ್ರಿ ಸೆಲ್ಸಿಯಸ್. ತೆಳು ಕಾಂಕ್ರೀಟ್ ಫಲಕಗಳದರಲ್ಲಿ 36 ಡಿಗ್ರಿ, ಎಂದರೆ ಹೊರಗಿಗಿಂತ 9 ಡಿಗ್ರಿ ಹೆಚ್ಚು. ಗೂರ್ನಾದ ಸೋಲನ್ನು ಅವರು 1969ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1973ರಲ್ಲಿ ಅಮೆರಿಕದಿಂದ ಹೊರಬಂದ ಅದರ ಇನ್ನೊಂದು ಮುದ್ರಣ ಅವರನ್ನು ಜಗತ್ತಿಗೆ ಪರಿಚಯಿಸಿತು. 1980ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. 1989ರಲ್ಲಿ ಕೈರೋದಲ್ಲಿ ತೀರಿಕೊಂಡರು.

ನಮ್ಮ ಆ ಮಾಳಿಗೆ ಮನೆಗಳ ದಪ್ಪ ಗೋಡೆಗಳೂ, ಮಣ್ಣಿನ ಮೇಲ್ಮುದ್ದೆಯೂ ಬೇಸಿಗೆಯಲ್ಲಿ ಮಾಡುತ್ತಿದ್ದುದು ಇದೇ ಕೆಲಸವನ್ನು. ನಾವು ಹಂಚಿದ ಮನೆಗಳಲ್ಲಿ ಮಧ್ಯಾಹ್ನ ಕೂರಲಾಗುತ್ತಿರಲಿಲ್ಲ. ದನ ಕಟ್ಟಲು ಜಾಗವಿರಲಿಲ್ಲ. ಗ್ರಾಮೀಣ ವಸತಿ ಯೋಜನೆಗಳಲ್ಲಿ ನಾವು ಪೂರ್ಣಗೊಂಡ ಮನೆಗಳನ್ನು ಎಣಿಸುತ್ತೇವೆ. ಬೇಸಿಗೆಯ ಒಂದು ಮಧ್ಯಾಹ್ನ ಆ ಮನೆಯೊಳಗೆ ಕುಳಿತು, ಅಲ್ಲಿರುವವರನ್ನು ವಿಚಾರಿಸಿ ಬರುವುದನ್ನೂ ಪರಿಶೀಲನೆಯ ಭಾಗವಾಗಿಸಬೇಕು. ಅಧಿಕಾರದಲ್ಲಿದ್ದಾಗ ನಾನು ಆ ಕೆಲಸ ಮಾಡಲಿಲ್ಲ.