ಬಾಲನಟನ ಕಂಠ ನಾದದ ಶಿಖರವೇರಿದ ಕಥೆ

ಧಾರವಾಡ ಸಮೀಪದ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನ್ಸೂರರನ್ನು ಜನ ಮೊದಲು ಕಂಡದ್ದು ಬಾಲನಟರಾಗಿ. ಅಣ್ಣ ಬಸವರಾಜರ ಹಾದಿಯಲ್ಲೇ ನಾಟಕ ಕಂಪನಿ ಸೇರಿದ ಅವರು ಪ್ರಹ್ಲಾದ, ಧ್ರುವರ ಪಾತ್ರಗಳಲ್ಲಿ ಹಾಡಿ ಪ್ರೇಕ್ಷಕರ ಮನ ಗೆದ್ದರು. ಕೊನೆಯ ಸಾಲಿನಲ್ಲಿ ಕುಳಿತವರಿಗೂ ತಲುಪುವ ಕಂಠವೇ ಅಂದಿನ ನಟನ ಬಂಡವಾಳವಾಗಿತ್ತು.

ಆ ಕಂಠವನ್ನು ಗುರುತಿಸಿದ ನೀಲಕಂಠಬುವಾ ಆಲೂರಮಠರು ಬಾಲಕನನ್ನು ಮಿರಜಿಗೆ ಕರೆದೊಯ್ದು ಗ್ವಾಲಿಯರ್ ಘರಾಣೆಯ ಗಾಯನವನ್ನು ಧಾರೆಯೆರೆದರು. ಮುಂದೆ ಎಚ್‌ಎಂವಿ ಧ್ವನಿಮುದ್ರಿಕೆಗಳು ಅವರಿಗೆ ಹೆಸರು ತಂದವು.

ಆದರೆ ಖ್ಯಾತಿ ಒಲಿದ ಹೊತ್ತಿನಲ್ಲೇ ಮನ್ಸೂರರು ಮತ್ತೆ ವಿದ್ಯಾರ್ಥಿಯಾದರು. ಜೈಪುರ-ಅತ್ರೌಲಿ ಘರಾಣೆಯ ಮಂಜಿಖಾನರ ಶಿಷ್ಯತ್ವ ಸ್ವೀಕರಿಸಿ, ಕಲಿತ ಗಾಯನಕ್ಕೆ ಹೊಸ ರೂಪ ಕೊಡಲು ಮುಂದಾದರು. 1937ರಲ್ಲಿ ಗುರು ತೀರಿಕೊಂಡು ಪಾಠ ಅರ್ಧಕ್ಕೇ ನಿಂತಿತು. ಎದೆಗುಂದದೆ ಗುರುವಿನ ಸಹೋದರ ಭುರ್ಜಿಖಾನರಲ್ಲಿ ಕಲಿಕೆ ಮುಂದುವರಿಸಿದರು. ಅಪರೂಪದ ರಾಗಗಳು ಅವರ ಹೆಗ್ಗುರುತಾದವು. ಶರಣರ ವಚನಗಳೂ ಅವರ ಕಂಠದಲ್ಲಿ ಮನೆಮನೆ ತಲುಪಿದವು.

ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿಯೂ ಸೇವೆ ಸಲ್ಲಿಸಿದ ಅವರು ತಮ್ಮ ಬಾಳಪಯಣವನ್ನು ‘ನನ್ನ ರಸಯಾತ್ರೆ’ಯಲ್ಲಿ ದಾಖಲಿಸಿದ್ದಾರೆ. ಪದ್ಮವಿಭೂಷಣ ಸಂದ 1992ರಲ್ಲೇ, ಸೆಪ್ಟೆಂಬರ್ 12ರಂದು ಅವರು ನಿಧನರಾದರು. ರಂಗದ ಮೇಲೆ ಚಪ್ಪಾಳೆ ಗಿಟ್ಟಿಸಿದ ಬಾಲಕನನ್ನು ಮಹಾಗಾಯಕನನ್ನಾಗಿಸಿದ್ದು ದೈವದತ್ತ ಕಂಠವಷ್ಟೇ ಅಲ್ಲ, ಮತ್ತೆ ಮೊದಲಿನಿಂದ ಕಲಿಯಲು ಅಂಜದ ವಿನಯ.